ಗುಡಿ ಇಲ್ಲದ ಚೌಡಮ್ಮ

ನಮ್ಮೂರ ಚೌಡಮ್ಮನಿಗೆ ಗುಡಿ ಇಲ್ಲ. ಹೊನ್ನಾವರ ತಾಲ್ಲೂಕಿನ ಒಂದು ಗುಡ್ಡದ ಮೇಲೆ, ಕಾನಿನ ನಡುವೆ, ಮರದ ಬುಡದಲ್ಲಿ ಎರಡು ಕಲ್ಲು. ಅಷ್ಟೇ. ಕಾನಿನ ಅಂಚಿನಲ್ಲೇ ಚಪ್ಪಲಿ ಬಿಡಬೇಕು. ಒಳಗಿನ ಒಣಕಟ್ಟಿಗೆಯನ್ನೂ ಮನೆಗೆ ತರುವಂತಿಲ್ಲ. ಅಲ್ಲಿಂದ ಇಳಿಯುವ ಅಬ್ಬಿ ನೀರೇ ನಮ್ಮ ತೋಟಕ್ಕೆ, ಅಡುಗೆಮನೆಗೆ.

ಈಗ ಊರಿನ ವಾಟ್ಸ್ಯಾಪ್ ಗ್ರೂಪಲ್ಲಿ ಒಂದು ಪ್ಲಾನ್ ಓಡಾಡ್ತಿದೆ. ಗುಡ್ಡಕ್ಕೆ ಕಾರು ಹೋಗೋ ರಸ್ತೆ, ಆರ್‌ಸಿಸಿ ಗುಡಿ, ಟೈಲ್ಸು, ಊಟಕ್ಕೊಂದು ಶೆಡ್ಡು. ಬೆಂಗಳೂರಲ್ಲಿ ಇರೋರು ತಲಾ 25,000 ಕೊಡಬೇಕಂತೆ. ಕಮಿಟಿಯ ಅಧ್ಯಕ್ಷ ನಮ್ಮ ಅಪ್ಪಯ್ಯನೇ!

ಆದರೆ ದೇವರು ಅಂದರೆ ಆ ಕಲ್ಲೋ, ಕಾನೋ? ನಮ್ಮದೇ ತಾಲ್ಲೂಕಿನ ಕರಿಕಾನಮ್ಮನ ಹೆಸರಲ್ಲೇ ಕಾನಿದೆ. ಜಪಾನಿನ ನಾರಾದಲ್ಲಿ ಓಮಿವಾ ಅನ್ನೋ ಶಿಂಟೋ ದೇಗುಲವಿದೆ. ಅಲ್ಲಿ ಗರ್ಭಗುಡಿಯೇ ಇಲ್ಲ. ಹಿಂದಿರುವ ಮಿವಾ ಬೆಟ್ಟಕ್ಕೇ ಕೈಮುಗಿಯುತ್ತಾರೆ. 1906ರಿಂದ ಅಲ್ಲಿನ ಸರ್ಕಾರ ಸಣ್ಣ ದೇಗುಲಗಳನ್ನು ದೊಡ್ಡದರಲ್ಲಿ ವಿಲೀನ ಮಾಡತೊಡಗಿದಾಗ ಅವುಗಳ ಬನಗಳೂ ಕೊಡಲಿಗೆ ಸಿಕ್ಕವು. ಅದನ್ನು ವಿರೋಧಿಸಿದ ಜೀವವಿಜ್ಞಾನಿ ಮಿನಾಕಾಟಾ ಕುಮಾಗುಸು 1910ರಲ್ಲಿ ಜೈಲಿಗೂ ಹೋಗಿಬಂದ.

ನಮ್ಮಲ್ಲೇನು ಕಮ್ಮಿಯಿಲ್ಲ. ಕೊಡಗಿನಲ್ಲಿ 1905ರಲ್ಲಿ 6,200 ಹೆಕ್ಟೇರ್ ಮೀರಿದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ದೇವರು ಉಳಿದ, ಕಾಡು ಹೋಯ್ತು.

ವಿಜಯನಗರದ ನಮ್ಮ ಬೀದಿಯ ಅಶ್ವತ್ಥಕಟ್ಟೆಗೆ ಬುಡದವರೆಗೂ ಗ್ರಾನೈಟ್ ಹಾಕಿದ್ದಾರೆ. ನಾಗರಕಲ್ಲುಗಳು ಫಳಫಳ ಹೊಳೀತವೆ. ಮಳೆನೀರು ಮಾತ್ರ ಸೀದಾ ಚರಂಡಿಗೆ. ಪಕ್ಕದಲ್ಲೇ ನಮ್ಮ ಬಿಲ್ಡಿಂಗಿಗೆ ಟ್ಯಾಂಕರ್ ನಿಂತಿರುತ್ತೆ.

ಇದನ್ನೆಲ್ಲ ಫೋನಲ್ಲಿ ಹೇಳಿದೆ. ಅಪ್ಪಯ್ಯ ಪೂರ್ತಿ ಕೇಳಿ, “ತಮಾ, ನೀನು ವರ್ಷಕ್ಕೊಂದ್ ಸಲ ಬಪ್ಪವ. ದೀಪ ಹಚ್ಚಲೆ ಗುಡ್ಡ ಹತ್ತವ ಆನು” ಅಂದ. ಅವನಿಗೀಗ ಮಂಡಿನೋವು. ಮಳೆಗಾಲದಲ್ಲಿ ದಾರಿ ಜಾರುತ್ತೆ, ಉಂಬಳದ ಕಾಟ ಬೇರೆ. ಅವನ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ದೂರದಲ್ಲಿ ಕೂತು ಕಾಡು ಉಳಿಸಿ ಅನ್ನೋದು ಸುಲಭ ಕಣ್ರೀ. ಕಾಡು ಕಾದವರ ಮೊಣಕಾಲಿನ ಲೆಕ್ಕವನ್ನೂ ಯಾರಾದ್ರೂ ಹಾಕಬೇಕಲ್ಲ? ಅದಕ್ಕೆ ಗ್ರೂಪಿನಲ್ಲಿ ಬರೆದೆ: ನನ್ನ ಪಾಲು 50,000. ಹಳೇ ಕಾಲುದಾರಿಗೇ ಕಲ್ಲಿನ ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ. ಶೆಡ್ಡು, ಪಾರ್ಕಿಂಗು ಕಾನಿನ ಅಂಚಿನಿಂದ ಹೊರಗೆ. ಮರ ಕಡಿಯೋದಾದ್ರೆ ಒಂದು ರೂಪಾಯಿಯೂ ಇಲ್ಲ.

ಮೂರು ಜನ ಹೆಬ್ಬೆರಳು ಎತ್ತಿದ್ದಾರೆ, ಇಬ್ಬರು ಸಿಟ್ಟಾಗಿದ್ದಾರೆ. ಅಧ್ಯಕ್ಷರು ಮೆಸೇಜ್ ಓದಿದ್ದಾರೆ. ಮೆಟ್ಟಿಲಿಗೆ ಎಷ್ಟು ಕಲ್ಲು ಬೇಕಾದೀತು ಅಂತ ನಿನ್ನೆ ಆಯಿಯ ಹತ್ರ ಲೆಕ್ಕ ಹಾಕ್ತಿದ್ದರಂತೆ.