ಸಿನಿಮಾ ಹೇಳುವ ಚಟ

ಸಿನಿಮಾ ನೋಡಿ ಬಂದವನನ್ನು ನಮ್ಮ ಕೊಟ್ಟೂರಿನಲ್ಲಿ ‘ಹೆಂಗೈತಿ?’ ಎಂದು ಕೇಳಿ ಸುಮ್ಮನಾಗುವವರು ಕಡಿಮೆ. ‘ಹೇಳು’ ಅನ್ನುತ್ತಾರೆ. ಹೇಳು ಅಂದರೆ ಪೂರ್ತಿ ಹೇಳಬೇಕು. ಪರದೆ ಮೇಲೆ ಹೆಸರು ಬೀಳುವುದರಿಂದ ಹಿಡಿದು ಹೀರೋ ಕೊನೆಗೆ ಅವ್ವನ ಕಾಲಿಗೆ ಬೀಳುವವರೆಗೆ. ನಡುವೆ ಒಂದು ಹಾಡಿಗೆ ಎದ್ದು ಹೊರಗೆ ಹೋಗಿದ್ದರೆ ಅದನ್ನೂ ಸೇರಿಸಿ. ನಕ್ಷತ್ರ ಎಣಿಸಿ ಕೊಡುವುದೆಲ್ಲ ಪತ್ರಿಕೆಯವರ ಬಾಬ್ತು. ನನಗೆ ಎಲೆ ಅಡಿಕೆಯೂ ಹತ್ತಲಿಲ್ಲ, ಇಸ್ಪೀಟೂ ಹತ್ತಲಿಲ್ಲ, ಸಿನಿಮಾ ಹೇಳುವ ಈ ಚಟ ಮಾತ್ರ ಹತ್ತಿತು. ಈಗೀಗ ಟಾಕೀಸಿನಲ್ಲಿ ಕೂತಿರುವಾಗಲೇ, ಇದನ್ನು ದೊಡ್ಡವ್ವನಿಗೆ ಎಲ್ಲಿಂದ ಶುರು ಮಾಡಲಿ ಎಂದು ತಲೆ ಓಡುತ್ತಿರುತ್ತದೆ.

ದೊಡ್ಡವ್ವ ಟಾಕೀಸು ಹತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು, ಮೊಣಕಾಲು ನೋವು. ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಬಿಡಿಸುತ್ತ ಕೂರುತ್ತಾಳೆ, ನಾನು ಕಂಬಕ್ಕೆ ಒರಗಿ ಹೇಳುತ್ತೇನೆ. ಕಥೆ ಸುಮಾರಾಗಿದ್ದರೆ ಸಿಪ್ಪೆ ಒಡೆಯುವ ಚಟಚಟ ಸದ್ದು ಒಂದೇ ಸಮ ಇರುತ್ತದೆ. ಬೆರಳು ನಿಂತರೆ ಎರಡರಲ್ಲಿ ಒಂದಾಗಿರುತ್ತದೆ: ಕಥೆ ಅವಳನ್ನು ಹಿಡಿದಿದೆ, ಇಲ್ಲವೇ ನಾನು ಏನೋ ನುಂಗಿದ್ದೇನೆ. ‘ತಡಿ ತಮ್ಮಾ, ಆ ಹುಡುಗಿ ಅಪ್ಪ ಏನು ಕೆಲಸ ಮಾಡ್ತಾನ?’ ಎಷ್ಟೋ ಸಲ ಅದು ನಾನು ನುಂಗಿದ್ದಲ್ಲ, ಸಿನಿಮಾದವರೇ ಹೇಳಿರುವುದಿಲ್ಲ. ಹೀರೋ ಬೆಂಗಳೂರಿನ ಬಂಗಲೆಯಲ್ಲಿದ್ದಾನೆ, ಕಾರು ಓಡಿಸುತ್ತಾನೆ, ಹೊಡೆದಾಡುತ್ತಾನೆ ಅಂದರೆ ಅವಳ ಕೇಳ್ವಿ ಒಂದೇ: ‘ಉಣ್ಣಾಕ ಎಲ್ಲಿಂದ ಬರ್ತೈತಿ ಅವಂಗ?’ ಕೋಟಿಗಟ್ಟಲೆ ಸುರಿದ ಸಿನಿಮಾಗಳು ಈ ಒಂದು ಕೇಳ್ವಿಗೆ ನಮ್ಮ ಪಡಸಾಲೆಯಲ್ಲಿ ಮಕಾಡೆ ಮಲಗಿವೆ.

ಆ ಲೆಕ್ಕದಲ್ಲಿ ‘ಶಾಖಾಹಾರಿ’ ಮೊದಲ ಮಾತಿಗೇ ಪಾಸಾಯಿತು. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್ಲು, ಅದನ್ನು ನಡೆಸುವ ಸುಬ್ಬಣ್ಣ, ಅವನ ಪಾಲಿಗೆ ಬಂದು ಬೀಳುವ ಒಂದು ಭಯಂಕರ ಪೇಚು. ರಂಗಾಯಣ ರಘು ಇಲ್ಲಿ ಅರಚುವುದಿಲ್ಲ, ಕುಣಿಯುವುದಿಲ್ಲ; ಕಾವಲಿ ಒರೆಸುತ್ತಲೇ ಹೆದರುತ್ತಾರೆ, ಹೆದರುತ್ತಲೇ ದೋಸೆ ಹುಯ್ಯುತ್ತಾರೆ. ನಾನು ಕೊಲೆಯ ಸುದ್ದಿಗೆ ಬರುವ ಹೊತ್ತಿಗೆ ದೊಡ್ಡವ್ವ, ಸುಬ್ಬಣ್ಣ ಹೋಟೆಲ್ಲಿನಲ್ಲಿ ಬೆಳಿಗ್ಗೆ ಏನೇನು ಮಾಡುತ್ತಿದ್ದ ಎಂದು ಪೂರ್ತಿ ವಿಚಾರಿಸಿಕೊಂಡಿದ್ದಳು. ಪೊಲೀಸರಿಗಿಂತ ಮೊದಲು ಅನುಮಾನ ಬಂದದ್ದೂ ಅವಳಿಗೇ.

ಅದೇ ಸಿನಿಮಾವನ್ನು ಸಂಜೆ ಮಿರ್ಚಿ ಅಂಗಡಿಯ ಮುಂದೆ ಹೇಳುವ ಧಾಟಿ ಬೇರೆ. ಕೊಟ್ಟೂರಿನ ಮಿರ್ಚಿ–ಮಂಡಕ್ಕಿ ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರಿದ್ದಾರೆ? ಒಗ್ಗರಣೆ ಹಾಕಿದ ಮಂಡಕ್ಕಿಗೆ ಹುರಿಗಡಲೆ ಹಿಟ್ಟು ಉದುರಿಸಿ, ಹಸಿ ಈರುಳ್ಳಿ ಕಲಸಿ, ಪೇಪರಿನ ಮೇಲೆ ಸುರಿದು, ಪಕ್ಕಕ್ಕೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಇಟ್ಟು ಕೊಡುತ್ತಾರೆ. ಅದು ಖಾಲಿಯಾಗುವುದರೊಳಗೆ ಸಿನಿಮಾ ಮುಗಿಯಬೇಕು. ಇಲ್ಲಿ ಅಪ್ಪ ಏನು ಕೆಲಸ ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ‘ಇಂಟ್ರಡಕ್ಷನ್ ಹೆಂಗ? ಇಂಟರ್‌ವಲ್ಲಿಗೆ ಏನು ಕೊಟ್ಟಾರ? ಸೆಕೆಂಡ್ ಹಾಫ್ ಎಳದಾರೇನು?’ ಅಷ್ಟೇ. ಬಾಯಲ್ಲಿ ಖಾರ ಇರುವವರಿಗೆ ಸೂಕ್ಷ್ಮ ಹೇಳಿ ಪ್ರಯೋಜನವಿಲ್ಲ. ಮೂರನೆಯ ಧಾಟಿ ರೈಲಿನದು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೋಗುವ ಗಾಡಿಯಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು ಸಿಗುತ್ತಾರೆ. ಅವರಿಗೆ ‘ಸಂದೇಶ ಏನು’ ಎಂಬುದು ಬೇಕು. ನನಗೆ ಇದು ತೀರಾ ಬೇಸರದ ಧಾಟಿ, ಆದರೆ ಸೀಟು ಹಿಡಿದು ಕೊಟ್ಟವರಿಗೆ ಇಲ್ಲವೆನ್ನಲಾಗುವುದಿಲ್ಲ.

ಊರಿಂದ ಊರಿಗೆ ರುಚಿಯೂ ಬೇರೆ. ಕೂಡ್ಲಿಗಿ ಕಡೆಯ ಗೆಳೆಯರು ತೆಲುಗು ಸಿನಿಮಾವನ್ನು ಕನ್ನಡದಷ್ಟೇ ಸಲೀಸಾಗಿ ನೋಡುತ್ತಾರೆ, ಆಂಧ್ರದ ಗಾಳಿ ಹತ್ತಿರ. ಹರಪನಹಳ್ಳಿಯವರ ಕಣ್ಣು ದಾವಣಗೆರೆಯ ಮೇಲೆ. 1997ರಲ್ಲಿ ಆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬಂದರೂ ಸಿನಿಮಾಕ್ಕೆ ಮಾತ್ರ ಅವರು ಇನ್ನೂ ದಾವಣಗೆರೆಯ ಬಸ್ಸೇ ಹತ್ತುತ್ತಾರೆ. ಹಡಗಲಿಯವರು ನಾಟಕದ ಜನ. ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿ ನಾಟಕದ ಹುಚ್ಚು ಹಚ್ಚಿದ ಊರು ಅದು. ‘ಮಾತು ಸ್ವಚ್ಛ ಇರಲಿಲ್ಲಪಾ’ ಎಂಬ ಆಕ್ಷೇಪ ಅಲ್ಲಿಂದ ಬಂದರೆ ನಾನು ಎದುರು ಹೇಳುವುದಿಲ್ಲ. ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಕಿವಿ, ಕೊನೇ ಸಾಲಿನವನಿಗೂ ಮಾತು ಮುಟ್ಟಬೇಕು ಎಂದು ಬಯಸುತ್ತದೆ. ಈಗಿನ ಹೀರೋಗಳು ಗಡ್ಡದೊಳಗೇ ಮಾತಾಡಿಕೊಳ್ಳುತ್ತಾರೆ.

ಈಚಿನ ವರ್ಷಗಳಲ್ಲಿ ನನ್ನ ಚಟಕ್ಕೆ ಅತಿ ಹೆಚ್ಚು ಕಾಳು ಹಾಕಿದ್ದು ‘ಸು ಫ್ರಮ್ ಸೋ’. 2025ರ ಜುಲೈಯಲ್ಲಿ ಬಂತು, ಜೆ.ಪಿ. ತುಮಿನಾಡ್ ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಣ. ದೊಡ್ಡ ಸ್ಟಾರ್ ಇಲ್ಲ, ಊರ ತುಂಬ ಕಟೌಟ್ ಇಲ್ಲ. ನೋಡಿದವರು ಹೇಳಿ ಹೇಳಿಯೇ ಓಡಿತು. ಕರಾವಳಿಯ ಒಂದು ಹಳ್ಳಿಯಲ್ಲಿ ಅಶೋಕ ಎಂಬ ಹುಡುಗ ಮಾಡಬಾರದ್ದು ಮಾಡಲು ಹೋಗಿ ಸಿಕ್ಕಿಬೀಳುವ ಹೊತ್ತಿಗೆ ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಊರು ನಂಬುತ್ತದೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ! ಆಮೇಲೆ ಅವನು ‘ಇಲ್ಲ, ಸುಳ್ಳು’ ಅಂದರೂ ಕೇಳುವವರಿಲ್ಲ. ಊರಿಗೊಬ್ಬ ರವಿಯಣ್ಣ ಇರುತ್ತಾನಲ್ಲ, ಯಾವ ಪಂಚಾಯ್ತಿಗೂ ಮೊದಲು ಕರೆಯಲೇಬೇಕಾದವನು, ಆ ಪಾತ್ರದಲ್ಲಿ ಶನೀಲ್ ಗೌತಮ್ ಬಂದು ನಿಂತರೆ ಸಾಕು, ನಗು. ನಮ್ಮ ಕಡೆಯವರಿಗೆ ಆ ಕರಾವಳಿ ಕನ್ನಡ ಅರ್ಧ ಅರ್ಥವಾಗದಿದ್ದರೂ ಊರು ಪೂರ್ತಿ ಅರ್ಥವಾಯಿತು. ಮೈಮೇಲೆ ಬರುವುದನ್ನು ನಾವೇನು ಕಾಣದವರೇ? ಅಮಾವಾಸ್ಯೆಗೊಮ್ಮೆ ಯಾವುದಾದರೂ ಗುಡಿಯ ಮುಂದೆ ನಿಂತರೆ ಸಾಕು.

ದೊಡ್ಡವ್ವ ಈ ಕಥೆಗೆ ಬಹಳ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆದರೆ ಎರಡನೇ ಭಾಗದಲ್ಲಿ ಸುಲೋಚನಾಳ ಮಗಳ ಕಷ್ಟ, ಅವಳನ್ನು ಕಾಡುವ ನೆಂಟರು, ಅಶೋಕನ ಪಶ್ಚಾತ್ತಾಪ ಎಂದೆಲ್ಲ ಬಂದಾಗ ಶೇಂಗಾದ ಚಟಚಟ ಮತ್ತೆ ಶುರುವಾಯಿತು. ನನಗೂ ಅಲ್ಲಿ ಹಾಗೇ ಅನಿಸಿತ್ತು. ನಗಿಸುತ್ತಿದ್ದ ಸಿನಿಮಾಕ್ಕೆ ಇದ್ದಕ್ಕಿದ್ದಂತೆ ಒಳ್ಳೆಯವನಾಗುವ ಆಸೆ ಬಂದುಬಿಡುತ್ತದೆ. ಆದರೂ ನೋಡಲೇಬೇಕಾದ್ದು. ಊರಿನ ಭಯವನ್ನು ಊರಿನವರೇ ಕೂತು ನಗುವಂತೆ ಮಾಡುವುದು ಸಣ್ಣ ಕೆಲಸವಲ್ಲ.

ಹೇಳುವ ಮಾತು ಬಂದಾಗ ಮೈಲಾರವನ್ನು ಬಿಟ್ಟರೆ ನಮ್ಮ ಸೀಮೆಯವನೇ ಅಲ್ಲ ಅನ್ನುತ್ತಾರೆ. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷ ಜನ ಕೂಡಿದ ಬಯಲು ಮೌನವಾಗುತ್ತದೆ. ಭವಿಷ್ಯದ ಒಂದೇ ಒಂದು ಮಾತು ಹೇಳಿ ಅಲ್ಲಿಂದಲೇ ಕೆಳಗೆ ಬೀಳುತ್ತಾನೆ. ಅಷ್ಟೇ ಕಾರ್ಣಿಕ. ಆಮೇಲೆ ಶುರುವಾಗುತ್ತದೆ ನೋಡಿ ವಿಮರ್ಶೆ! ಎತ್ತಿನ ಬಂಡಿ ಹೂಡುವಾಗ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಬಸ್ಸಿನ ಕಿಟಕಿಯಲ್ಲಿ, ಮಳೆ ಅಂದವನೊಬ್ಬ, ಬೆಲೆ ಏರುತ್ತದೆ ಅಂದವನೊಬ್ಬ, ಸರ್ಕಾರ ಬೀಳುತ್ತದೆ ಅಂದವನೊಬ್ಬ. ಒಂದು ಮಾತಿನ ಮೇಲೆ ಇಡೀ ವರ್ಷ ವಾದ ಮಾಡಬಲ್ಲ ಜನಕ್ಕೆ ಎರಡೂವರೆ ಗಂಟೆಯ ಸಿನಿಮಾ ಯಾವ ಲೆಕ್ಕ?

‘ಕಾಂತಾರ ಅಧ್ಯಾಯ 1’ ಬಂದಾಗಲೂ, 2025ರ ಅಕ್ಟೋಬರಿನಲ್ಲಿ, ಹೀಗೇ ವಾದ ನಡೆಯಿತು. ನನ್ನದು ಚುಟುಕು ತೀರ್ಪು. ಕಾಡು, ಮೈನವಿರೇಳಿಸುವ ದೈವದ ಗಳಿಗೆಗಳು, ರುಕ್ಮಿಣಿ ವಸಂತ್, ಮೂರೂ ಚಲೋ. ಸದ್ದು ಅತಿಯಾಯಿತು. 2022ರ ಮೊದಲ ‘ಕಾಂತಾರ’ದ ಕೊನೆಯಲ್ಲಿ ಒಂದು ಕೂಗು ಎದೆಗೆ ನಾಟಿತ್ತು, ಇಲ್ಲಿ ಕೂಗುಗಳೇ ಬಹಳ. ಮಿರ್ಚಿ ಅಂಗಡಿಯಲ್ಲಿ ನಾನು ಇದನ್ನು ಹೇಳಿ ಬೈಸಿಕೊಂಡೆ.

ಹೇಳಲು ಬಾರದ ಸಿನಿಮಾಗಳೂ ಇವೆ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂತು. ಮನೆ ಕಟ್ಟುವ ಆಸೆಗೆ ಹುಡುಗ ಇನ್ನೊಬ್ಬರ ತಪ್ಪು ತಲೆ ಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ, ಹುಡುಗಿ ಹೊರಗೆ ಕಾಯುತ್ತಾಳೆ. ಇಷ್ಟು ಹೇಳಿದರೆ ಕಥೆ ಮುಗಿಯಿತು, ಆದರೆ ಸಿನಿಮಾ ಇರುವುದು ಅದರಲ್ಲಿ ಅಲ್ಲವೇ ಅಲ್ಲ. ಜೈಲಿನ ಜಾಲರಿಯಾಚೆ ಅವಳು ನಿಂತಾಗ ಮುಖದಲ್ಲಿ ಏನಾಗುತ್ತದೋ ಅದರಲ್ಲಿದೆ. ದೊಡ್ಡವ್ವ ‘ಮಂದಿ ತಪ್ಪು ಯಾಕ ಹೊತ್ಗೊಂಡ, ದಡ್ಡ’ ಎಂದಳು. ತಪ್ಪಲ್ಲ ಆ ಮಾತು. ಆ ಸಿನಿಮಾವನ್ನು ಹೇಳುವುದು ನನ್ನ ಕೈಲಾಗಲಿಲ್ಲ ಅಷ್ಟೇ. ‘ಜೇಮ್ಸ್’ ಇನ್ನೊಂದು ಬಗೆ. ಅಪ್ಪು ಹೋದ ಮೇಲೆ, 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬಕ್ಕೆ ಬಂತು. ಮೊದಲು ಬಿಡುಗಡೆಯಾದಾಗ ಅವರ ಪಾತ್ರಕ್ಕೆ ಶಿವಣ್ಣನ ಧ್ವನಿ. ಹೊಸಪೇಟೆಯಿಂದ ಹರಪನಹಳ್ಳಿವರೆಗೆ ನೋಡಿ ಬಂದವರೆಲ್ಲ ಕಣ್ಣೊರೆಸಿಕೊಂಡು ಸುಮ್ಮನೆ ಮನೆಗೆ ನಡೆದರು. ಕಥೆ ಹೇಗಿದೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಕೇಳಿದ್ದರೆ ಏಟು ಬೀಳುತ್ತಿತ್ತು.

ಹೊಸದರ ಜೊತೆ ಹಳೆಯದನ್ನೂ ಫೋನಿನಲ್ಲಿ ಹಾಕಿ ನೋಡುತ್ತೇನೆ. ನಮ್ಮೂರಲ್ಲೇ ಹುಟ್ಟಿದ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ ಅಂಥದ್ದು, 1994ರದು. ಓದಬೇಕೆಂದು ಹಟ ಹಿಡಿದ ದಲಿತ ಹುಡುಗನಾಗಿ ವಿಜಯ ರಾಘವೇಂದ್ರ ನಟಿಸಿ ಬಾಲನಟನೆಗೆ ರಾಷ್ಟ್ರಪ್ರಶಸ್ತಿ ಪಡೆದರು. ಕೊಟ್ಟೂರಿನಲ್ಲಿ ಕೊಟ್ರೇಶ ಎಂದು ಬೀದಿಯಲ್ಲಿ ನಿಂತು ಕೂಗಿದರೆ ಮನೆಗೊಬ್ಬರು ಹೊರಗೆ ಬರುತ್ತಾರೆ. ಸ್ವಾಮಿಯ ಹೆಸರು, ಎಲ್ಲ ಜಾತಿಯವರೂ ಇಟ್ಟುಕೊಂಡದ್ದು. ಆ ಹೆಸರಿನ ಒಬ್ಬ ಹುಡುಗನಿಗೆ ಊರು ಏನು ಮಾಡುತ್ತದೆ ಎಂದು ನೋಡುವಾಗ ನಮ್ಮವರು ಆಚೀಚೆ ನೋಡಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕುಂವೀ ಅವರದೇ ಕಥೆಯ ಮೇಲೆ ಗಿರೀಶ ಕಾಸರವಳ್ಳಿ 2011ರಲ್ಲಿ ಮಾಡಿದ ‘ಕೂರ್ಮಾವತಾರ’ ನನಗೆ ಇನ್ನೂ ಹೆಚ್ಚು ಇಷ್ಟ. ನಿವೃತ್ತಿಯ ಹತ್ತಿರ ಇರುವ ಸರ್ಕಾರಿ ನೌಕರನೊಬ್ಬ ಗಾಂಧಿಯ ಹಾಗೆ ಕಾಣುತ್ತಾನೆಂದು ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಕೊಡುತ್ತಾರೆ. ಜನ ಅವನನ್ನೇ ಗಾಂಧಿ ಎಂದುಕೊಳ್ಳತೊಡಗುತ್ತಾರೆ. ಗಾಂಧೀಜಿಯ ಚಿತಾಭಸ್ಮ ಇರಿಸಿದ ಸ್ಮಾರಕ ಇರುವ ಕೂಡ್ಲಿಗಿಯಲ್ಲಿ ಒಬ್ಬ ಗೆಳೆಯನಿಗೆ ಇದನ್ನು ಹೇಳಿದೆ. ‘ವೇಷ ಹಾಕ್ಕೊಂಡ ಮ್ಯಾಲೆ ಸಂಬಳ ಹೆಚ್ಚಾತೇನು?’ ಎಂದ. ಅವನೂ ಸರ್ಕಾರಿ ನೌಕರ.

ಇವೆಲ್ಲದರ ನಡುವೆ ನಾನು ಹೇಳಿ ಪೂರೈಸಲಾಗದೇ ಹೋದದ್ದು ‘ಫೋಟೋ’. ಉತ್ಸವ್ ಗೋನವಾರ ನಿರ್ದೇಶನ, 2024ರಲ್ಲಿ ಬಂತು. ರಾಯಚೂರು ಸೀಮೆಯ ದುರ್ಗ್ಯಾ ಎಂಬ ಶಾಲೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ಹುಡುಗ ಅಪ್ಪನ ಬಳಿ ಹೋಗುತ್ತಾನೆ, ಅಷ್ಟರಲ್ಲಿ 2020ರ ಮಾರ್ಚ್, ಜನತಾ ಕರ್ಫ್ಯೂ, ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ. ಅಪ್ಪ ಮಗ ಊರಿಗೆ ನಡೆಯುತ್ತಾರೆ. ಸಿನಿಮಾ ಅಂದರೆ ಈ ನಡಿಗೆಯೇ. ರಂಗಭೂಮಿಯಿಂದ ಬಂದ ಮಹಾದೇವ ಹಡಪದ ಅಪ್ಪನಾಗಿ ನಟಿಸುತ್ತಿದ್ದಾರೆ ಎಂದು ಒಂದು ಕಡೆಯೂ ಅನಿಸುವುದಿಲ್ಲ. ಹಿನ್ನೆಲೆ ಸಂಗೀತ ಸುರಿದು ಅಳಿಸುವ ಆಟವೂ ಇಲ್ಲ. ಬಿಸಿಲು, ಟಾರು ರಸ್ತೆ, ನೀರಿನ ಬಾಟಲಿ, ಮಗನ ಕಾಲು.

ಗುಳೆ ನಮಗೆ ಹೊಸದಲ್ಲ. ಕೂಡ್ಲಿಗಿ, ಹರಪನಹಳ್ಳಿಯ ಹಳ್ಳಿ–ತಾಂಡಾಗಳ ಎಷ್ಟೋ ಮನೆಗಳಿಗೆ ಸುಗ್ಗಿ ಮುಗಿದ ಮೇಲೆ ಬೀಗ ಬೀಳುತ್ತದೆ. ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡಕ್ಕೆ. ಬೆಂಗಳೂರಿನಿಂದ ರಾಯಚೂರಿನ ಕಡೆ ನಡೆದರೆ ಚಿತ್ರದುರ್ಗ ದಾಟಿ ಕೂಡ್ಲಿಗಿಯ ಹೆದ್ದಾರಿಯಲ್ಲೂ ಹೋಗಬಹುದು. ಈ ಸಿನಿಮಾವನ್ನು ನಾನು ದೊಡ್ಡವ್ವನಿಗೆ ಹೇಳುತ್ತಿದ್ದೆ. ಅಪ್ಪ ಮಗ ನಡೆಯಲು ಶುರು ಮಾಡಿದರು ಅನ್ನುವಲ್ಲಿ ಅವಳ ಬೆರಳು ನಿಂತವು. ಒಡೆದ ಕಾಯಿಯಿಂದ ಬೀಜ ತೆಗೆಯಲಿಲ್ಲ. ‘ಸಾಕು ಬಿಡಪ್ಪ’ ಎಂದಳು. ಅಪ್ಪನ ಕೆಲಸ ಕೇಳಲಿಲ್ಲ, ಊಟಕ್ಕೆ ಏನು ಮಾಡಿದರು ಎಂದೂ ಕೇಳಲಿಲ್ಲ. ಕೊನೆ ಏನಾಯಿತೆಂದು ಇವತ್ತಿಗೂ ಅವಳಿಗೆ ನಾನು ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಮಿರ್ಚಿ ಅಂಗಡಿಯಲ್ಲಿ ಈ ಸಿನಿಮಾದ ಹೆಸರು ಕೇಳಿದವರೇ ಕಡಿಮೆ. ಇಂಥವು ನಮ್ಮ ಊರುಗಳ ಟಾಕೀಸಿಗೆ ಬರುವುದೇ ಅಪರೂಪ, ಬಂದರೂ ಮುಂದಿನ ಶುಕ್ರವಾರ ಪೋಸ್ಟರ್ ಬದಲಾಗಿರುತ್ತದೆ. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಬೇಕೆಂದು ಸರ್ಕಾರ 2025ರಲ್ಲಿ ಆದೇಶ ಹೊರಡಿಸಿತು, ಹೈಕೋರ್ಟು ತಡೆ ಕೊಟ್ಟಿತು, ಬೆಂಗಳೂರಿನಲ್ಲಿ ದೊಡ್ಡ ಚರ್ಚೆ. ನಮ್ಮ ಕಡೆ ತಾಪತ್ರಯ ದರದ್ದಲ್ಲ, ಸಿನಿಮಾ ನಿಲ್ಲುವ ದಿನಗಳದ್ದು. ಆದ್ದರಿಂದ ಹಗರಿಬೊಮ್ಮನಹಳ್ಳಿಯಲ್ಲೋ ಹಡಗಲಿಯಲ್ಲೋ ಹೆಸರು ಕೇಳದ ಒಂದು ಕನ್ನಡ ಸಿನಿಮಾದ ಪೋಸ್ಟರ್ ಕಂಡರೆ ಮೊದಲ ಮೂರು ದಿನದೊಳಗೆ ಹೋಗಿ ನೋಡಿ ಬನ್ನಿ. ಚೆನ್ನಾಗಿರದಿದ್ದರೆ ಬೈಯಿರಿ, ಅದಕ್ಕೇನು. ಆದರೆ ಅವತ್ತೇ ಸಂಜೆ ಯಾರಿಗಾದರೂ ಪೂರ್ತಿ ಹೇಳಿ.