ರೋಮಿನ ಬೀದಿ ನಲ್ಲಿ

ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಬೇಸಿಗೆಯಲ್ಲಿ ರೋಮ್‌ಗೆ ಹೋಗುವವರು ಖಾಲಿ ಬಾಟಲಿ ಮರೆಯಬೇಡಿ. ಬೀದಿಬೀದಿಯಲ್ಲಿ ಎರಕದ ಕಬ್ಬಿಣದ ಗಿಡ್ಡ ಕಂಬಗಳಿವೆ. ಮೂಗಿನಂತೆ ಬಾಗಿದ ಕೊಳವೆಯಿಂದ ತಣ್ಣನೆಯ ಕುಡಿಯುವ ನೀರು ಹಗಲೂ ರಾತ್ರಿ ಸುರಿಯುತ್ತಿರುತ್ತದೆ. ಅವುಗಳಿಗೆ ‘ನಸೋನಿ’ ಅಂತಾರೆ. 1870ರ ದಶಕದಲ್ಲಿ ಹಾಕಲು ಶುರುಮಾಡಿದ್ದು, ಇವತ್ತಿಗೂ ದಾರಿಹೋಕರಿಗೆ ಪುಕ್ಕಟೆ. ಎಂಥ ದೊಡ್ಡ ಮನಸ್ಸಿನ ಏರ್ಪಾಡು! ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಅಜ್ಜಿ ತಾತಂದಿರು ಹೆಚ್ಚು ಬಗ್ಗಬೇಕಿಲ್ಲ. ಮಕ್ಕಳನ್ನಂತೂ ಅಲ್ಲಿಂದ ಕದಲಿಸುವುದೇ ಕಷ್ಟ.

ಕೊಲೋಸಿಯಮ್‌ಗೆ ಬಿಸಿಲೇರುವ ಮೊದಲಿನ ಟಿಕೆಟ್ ಮುಂಚೆಯೇ ಬುಕ್ ಮಾಡಿ. 18 ತುಂಬದ ಮಕ್ಕಳಿಗೆ ಪ್ರವೇಶ ಉಚಿತ, ಆದರೂ ಅವರ ಹೆಸರಿನಲ್ಲೂ ಟಿಕೆಟ್ ಬೇಕು. ಎಲ್ಲರ ಪಾಸ್‌ಪೋರ್ಟ್ ಜೊತೆಗಿರಲಿ.