ಮೂಡಲ ಬಾಗಿಲಿನ ಬೇಸಿಗೆ ರಜೆ

ಏಪ್ರಿಲ್ ತಿಂಗಳ ಎರಡನೆಯ ವಾರ ಬಂತೆಂದರೆ ನಾಡಿನ ಶಾಲೆಗಳ ಗಂಟೆ ಮೌನವಾಗುತ್ತದೆ. ಮೇ ತಿಂಗಳ ಕೊನೆಯವರೆಗೆ, ಹೆಚ್ಚು ಕಡಿಮೆ ಏಳು ವಾರಗಳ ಕಾಲ, ಮಕ್ಕಳು ಪಠ್ಯಪುಸ್ತಕಗಳ ಹಿಡಿತದಿಂದ ಬಿಡುಗಡೆ ಹೊಂದುತ್ತಾರೆ. ‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ವರ್ಷದ ಬಹುಪಾಲು ಕೋಶ ಓದುವ ಮಗು ಉಳಿದ ಕೆಲವು ವಾರಗಳಾದರೂ ದೇಶ ಸುತ್ತಲಿ ಎಂಬ ಆಶಯ ಬೇಸಿಗೆ ರಜೆಯ ಹಿಂದೆ ಅಡಗಿದೆಯೆಂದು ನನಗೆ ಅನಿಸುತ್ತದೆ. ಆದರೆ ನಂಗಲಿಯಂತಹ ಗಡಿಯೂರಿನಲ್ಲಿ ಬೆಳೆದವರಿಗೆ ದೇಶ ಸುತ್ತಲು ದೂರ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಬಸ್ಸು ಹತ್ತಿ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಮತ್ತೊಂದು ರಾಜ್ಯ, ಮತ್ತೊಂದು ಭಾಷೆ, ಮತ್ತೊಂದು ಸರ್ಕಾರ!

ಮುಳಬಾಗಿಲು ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಬೆಂಗಳೂರಿನಿಂದ ಕೋಲಾರದ ಮೂಲಕ ಚಿತ್ತೂರಿನತ್ತ ಸಾಗುವ ಹೆದ್ದಾರಿಯ ಮೇಲೆ ನಮ್ಮ ಊರಿದೆ. ಹಿಂದೆ ಅದನ್ನು ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯೆಂದು ಕರೆಯುತ್ತಿದ್ದರು; ಈಗ ಅದರ ಸಂಖ್ಯೆ 75. ಲಾರಿ ಚಾಲಕರಿಗೆ ನಂಗಲಿಯೆಂದರೆ ಚೆಕ್‌ಪೋಸ್ಟ್. ಪತ್ರಿಕೆಗಳಿಗೂ ಅಷ್ಟೇ. ಗಡಿಯಲ್ಲಿ ಏನಾದರೂ ತಡೆಯಾದಾಗ ಮಾತ್ರ ನಮ್ಮ ಊರಿನ ಹೆಸರು ಸುದ್ದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಯಾವ ತಡೆಯೂ ಇಲ್ಲದೆ ಜನರು ಅತ್ತಿತ್ತ ಓಡಾಡುವ ವರ್ಷದ ಉಳಿದ ದಿನಗಳು ಸುದ್ದಿಯಾಗುವುದಿಲ್ಲ.

1970ರ ದಶಕದ ನನ್ನ ಬಾಲ್ಯದ ರಜೆಗಳು ಸೋದರತ್ತೆಯ ಮನೆಯಲ್ಲಿ ಕಳೆದವು. ಅತ್ತೆಯನ್ನು ಪಲಮನೇರಿನ ಕಡೆಗೆ ಕೊಟ್ಟಿದ್ದರು. ಅವರು ನಮ್ಮೊಡನೆ ಕನ್ನಡದಲ್ಲಿಯೂ ಮಾವನವರೊಡನೆ ತೆಲುಗಿನಲ್ಲಿಯೂ ಮಾತನಾಡುತ್ತಿದ್ದರು. ಸಿಟ್ಟು ಬಂದಾಗ ಎರಡೂ ಬೆರೆಯುತ್ತಿದ್ದವು. ನಮ್ಮ ಮನೆಯ ರಾಗಿ ಮುದ್ದೆ ಅಲ್ಲಿ ‘ಸಂಗಟಿ’ಯಾಗುತ್ತಿತ್ತು, ಹುರುಳಿ ಕಟ್ಟಿನ ಸಾರು ‘ಉಲವಚಾರು’ ಆಗುತ್ತಿತ್ತು. ಹೆಸರು ಬದಲಾದರೂ ರುಚಿ ಬದಲಾಗುತ್ತಿರಲಿಲ್ಲ. ದಾರಿಯ ಫಲಕಗಳ ಮೇಲಿನ ಅಕ್ಷರಗಳು ಮಾತ್ರ ನಮಗೆ ಆಟದ ವಸ್ತುವಾಗಿದ್ದವು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನವಲ್ಲವೇ? ತಲೆಕಟ್ಟು ಅಡ್ಡಗೆರೆಯಂತಿದ್ದರೆ ನಮ್ಮದು, ಮೇಲಕ್ಕೆ ಚಿಮ್ಮಿದ್ದರೆ ಅವರದು ಎಂದು ಗುರುತಿಸಿ, ಉಳಿದುದನ್ನು ಊಹಿಸಿ ಓದುತ್ತಿದ್ದೆವು. ಹಾಗೆ ಯಾರೂ ಕಲಿಸದೆ ಒಂದು ಭಾಷೆಯ ಓದು ನಮಗೆ ಬಂದಿತು.

ಆ ರಜೆಗಳು ಬರಿಯ ಆಟಪಾಟವಾಗಿದ್ದವೆಂದು ಹೇಳಿದರೆ ಸುಳ್ಳಾದೀತು. ಒಕ್ಕಲುತನದ ಮನೆಗಳಲ್ಲಿ ಮಕ್ಕಳ ರಜೆಯೆಂದರೆ ಹಿರಿಯರಿಗೆ ಎರಡು ಕೈ ಹೆಚ್ಚು ದೊರೆತಂತೆ. ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಹೆಂಗಸರ ಜೊತೆ ಕುಳಿತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯಬೇಕಾಗಿತ್ತು. ಮೇ ತಿಂಗಳಲ್ಲಿ ಮಾವಿನ ತೋಪು ಕಾಯಬೇಕಾಗಿತ್ತು. ಗಾಳಿ ಬೀಸಿದ ರಾತ್ರಿ ಉದುರಿದ ಕಾಯಿಗಳನ್ನು ಬೆಳಕು ಹರಿಯುವ ಮೊದಲೇ ಆಯ್ದು ತರುವುದು ನಮ್ಮ ಪಾಲಿನ ಕೆಲಸ. ಮಾವನವರು ಕಾಯಿಗಳನ್ನು ಎಣಿಸುವಾಗಿನ ಮುಖಭಾವವನ್ನು ನೋಡಿಯೇ ಆ ವರ್ಷ ಅತ್ತೆಯ ಮನೆಯಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಬರುತ್ತದೆಯೋ ಇಲ್ಲವೋ ಎಂದು ನಾವು ತಿಳಿಯುತ್ತಿದ್ದೆವು. ಗಡಿಯಾಚೆಯ ರೈತನ ನಷ್ಟವೆಂದರೆ ಏನು ಎಂಬುದನ್ನು ನಾನು ಯಾವ ಪತ್ರಿಕೆಯಿಂದಲೂ ಕಲಿಯಲಿಲ್ಲ. ಮಾವನವರ ಮುಖದಿಂದ ಕಲಿತೆ.

ಈ ಗಡಿಗೆ ದೊಡ್ಡ ಚರಿತ್ರೆಯೇ ಇದೆ. ಹನ್ನೆರಡನೆಯ ಶತಮಾನದ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದ ಶಾಸನಗಳು ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಪೂರ್ವ ದಿಕ್ಕಿನ ಮೇರೆಯಾಗಿ ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ. ನಮ್ಮ ತಾಲ್ಲೂಕಿನ ಹೆಸರಾದರೂ ಮೂಡಲ ಬಾಗಿಲು ಎಂಬುದರಿಂದ ಬಂದುದು. ಪೂರ್ವಜರು ಈ ಎಡೆಯನ್ನು ಗೋಡೆಯೆಂದು ಕರೆಯದೆ ಬಾಗಿಲೆಂದು ಕರೆದರು. ಬಾಗಿಲಿಗೆ ಅಗುಳಿಯೂ ಇರುತ್ತದೆ, ಹೊಸ್ತಿಲೂ ಇರುತ್ತದೆ. ಯುದ್ಧ ಬಂದಾಗ ಅಗುಳಿ ಹಾಕಿದ್ದಾರೆ. ನೆಂಟರು ಬಂದಾಗ ಹೊಸ್ತಿಲಿಗೆ ನೀರು ಚಿಮುಕಿಸಿದ್ದಾರೆ. ರಾಜರು ಬಂದರು, ಹೋದರು. ಹಳೆಯ ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯಕ್ಕೂ ನಡುವೆ ಇದ್ದ ಗೆರೆ, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಎರಡು ಭಾಷಾವಾರು ರಾಜ್ಯಗಳ ನಡುವಣ ಗೆರೆಯಾಯಿತು. ಆದರೆ ಭಾಷೆ ಗೆರೆಗೆ ಸರಿಯಾಗಿ ನಿಲ್ಲುವುದಿಲ್ಲ. ಇದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರಾದ, ಮನೆಮಾತು ತಮಿಳಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಆಸ್ತಿಯಾದರು. 1983ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಮನೆಯೊಳಗಿನ ಮಾತೊಂದು, ಬೀದಿಯ ಮಾತೊಂದು ಎಂಬುದು ಈ ಸೀಮೆಯ ಜನರಿಗೆ ಕೊರತೆಯಲ್ಲ, ಸಹಜವಾದ ಬದುಕು.

ಇಂತಹ ಬಾಗಿಲು ಒಮ್ಮಿಂದೊಮ್ಮೆಲೇ ಮುಚ್ಚಿದುದನ್ನು ನಾವು 2020ರಲ್ಲಿ ಕಂಡೆವು. ಆ ವರ್ಷ ಮಾರ್ಚ್ 24ರ ರಾತ್ರಿ ದೇಶಕ್ಕೆ ಲಾಕ್‌ಡೌನ್ ಘೋಷಣೆಯಾಯಿತು. ಮಂಗಳೂರಿನ ದೋಣಿಗಳಲ್ಲಿ ದುಡಿಯುತ್ತಿದ್ದ ಆಂಧ್ರದ ನೂರಾರು ಮೀನುಗಾರರು ತಮ್ಮ ಊರು ಸೇರುವ ಆಸೆಯಿಂದ ಹೊರಟು, ಕರ್ನಾಟಕದ ಉದ್ದಗಲವನ್ನು ದಾಟಿ ಬಂದು, ನಮ್ಮ ತಾಲ್ಲೂಕಿನ ಗಡಿಯಲ್ಲಿ ತಡೆಯಲ್ಪಟ್ಟರು. ಕಣ್ಣೆದುರಿಗೆ ತಮ್ಮದೇ ರಾಜ್ಯ, ಕಾಲಿಡಲು ಅಪ್ಪಣೆಯಿಲ್ಲ. ಕೊನೆಗೆ ಅವರಿಗೆ ಈಚೆಯಲ್ಲಿಯೇ ತಂಗಲು, ಉಣ್ಣಲು ಏರ್ಪಾಡಾಯಿತು. ರೋಗದ ಭಯ ಎರಡೂ ಕಡೆಯವರಿಗೆ ಇದ್ದುದು ನಿಜ. ಆದರೂ ತನ್ನ ಮನೆಗೆ ಹೋಗುವವನನ್ನು ಹೊಸ್ತಿಲಲ್ಲಿ ನಿಲ್ಲಿಸಿದ ಆ ದಿನಗಳನ್ನು ಈ ಭಾಗದ ಜನ ಬೇಗ ಮರೆಯಲಾರರು. ಆ ವರ್ಷದ ಬೇಸಿಗೆಯಲ್ಲಿ ಯಾವ ಮಗುವೂ ಅತ್ತೆಯ ಮನೆಗೆ ಹೋಗಲಿಲ್ಲ.

ರೋಗ ಹೋಯಿತು, ರಸ್ತೆ ತೆರೆಯಿತು. ಆದರೆ 2025ರ ಜೂನ್ ತಿಂಗಳಲ್ಲಿ, ಶಾಲೆಗಳು ಮತ್ತೆ ಆರಂಭವಾದ ಕೆಲವೇ ದಿನಗಳಲ್ಲಿ, ಬಾಗಿಲು ಮತ್ತೊಮ್ಮೆ ಮುಚ್ಚಿತು. ಈ ಸಲ ತಡೆದುದು ಮನುಷ್ಯರನ್ನಲ್ಲ, ಮಾವಿನಕಾಯಿಯನ್ನು. ನಮ್ಮ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ತಾಲ್ಲೂಕು. ಮುಳಬಾಗಿಲಿನಲ್ಲಿಯೂ ತೋಪುಗಳಿಗೆ ಕೊರತೆಯಿಲ್ಲ. ಇಲ್ಲಿ ಹೆಚ್ಚಾಗಿ ಬೆಳೆಯುವ ತೋತಾಪುರಿ ತಿನ್ನುವುದಕ್ಕಿಂತ ತಿರುಳು ತೆಗೆಯುವುದಕ್ಕೆ ಹೆಚ್ಚು ಒದಗುವ ತಳಿ. ಆ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಚಿತ್ತೂರು ಜಿಲ್ಲೆಯಲ್ಲಿ. ಹೀಗೆ ಈಚೆಯ ತೋಪಿಗೂ ಆಚೆಯ ಕಾರ್ಖಾನೆಗೂ ವರ್ಷಗಳಿಂದ ನಂಟು. ಆ ಬೇಸಿಗೆಯಲ್ಲಿ ತೋತಾಪುರಿಯ ಬೆಲೆ ನೆಲ ಕಚ್ಚಿತು. ಆಂಧ್ರ ಸರ್ಕಾರವು ತನ್ನ ರೈತನಿಗೆ ಕಿಲೋಗೆ 12 ರೂಪಾಯಿ ದೊರೆಯುವಂತೆ ಮಾಡಲು ಕಾರ್ಖಾನೆಗಳು 8 ರೂಪಾಯಿ ಕೊಡಬೇಕೆಂದೂ ಉಳಿದ 4 ರೂಪಾಯಿಯನ್ನು ತಾನು ಭರಿಸುವುದಾಗಿಯೂ ಹೇಳಿತು. ಕರ್ನಾಟಕದ ಅಗ್ಗದ ಕಾಯಿ ಒಳಗೆ ಬಂದರೆ ಈ ಏರ್ಪಾಡು ಕುಸಿಯುತ್ತದೆಂದು ಚಿತ್ತೂರು ಜಿಲ್ಲಾಡಳಿತ ಜೂನ್ 7ರಂದು ಹೊರಗಿನ ತೋತಾಪುರಿಯ ಪ್ರವೇಶವನ್ನು ನಿಷೇಧಿಸಿತು. ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಕರ್ನಾಟಕದ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಮುಂದೆ ಕೇಂದ್ರ ಸರ್ಕಾರ ಕರ್ನಾಟಕದ ಎರಡೂವರೆ ಲಕ್ಷ ಟನ್ ತೋತಾಪುರಿಗೆ ಕ್ವಿಂಟಾಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ ಬೆಲೆ ವ್ಯತ್ಯಾಸದ ನೆರವು ನೀಡಲು ಒಪ್ಪಿತು.

ಸುದ್ದಿಯ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಆದರೆ ಆ ದಿನಗಳಲ್ಲಿ ಊರಿನ ಚಹಾದಂಗಡಿಗಳಲ್ಲಿ ಕೇಳಿಬಂದ ಮಾತುಗಳು ನನ್ನ ಮನಸ್ಸನ್ನು ಕಲಕಿದವು. ‘ಅವರು ನಮ್ಮ ಹೊಟ್ಟೆಯ ಮೇಲೆ ಹೊಡೆದರು, ಅವರ ಲಾರಿಗಳನ್ನು ನಾವೂ ತಡೆಯೋಣ’ ಎಂದು ಯುವಕರು ಆವೇಶದಿಂದ ಹೇಳುತ್ತಿದ್ದರು. ಕೊಯ್ದ ಕಾಯಿ ಕೊಳೆಯುತ್ತಿರುವಾಗ ಬರುವ ಸಿಟ್ಟು ಅನ್ಯಾಯದ್ದಲ್ಲ. ಆದರೆ ಆ ‘ಅವರು’ ಯಾರು? ಒಂದೇ ಮಳೆಯನ್ನು ನೆಚ್ಚಿಕೊಂಡವರು, ಒಂದೇ ತಳಿಯನ್ನು ನೆಟ್ಟವರು, ಒಂದೇ ಕಾರ್ಖಾನೆಯ ಬಾಗಿಲಲ್ಲಿ ಟೋಕನ್ ಹಿಡಿದು ಕಾದವರು. ಬೆಲೆ ಕುಸಿದುದು ಎರಡೂ ಕಡೆಗೆ. ನಿಷೇಧದಿಂದ ಈಚೆಯವನು ಸೋತನು. ನಿಷೇಧವಿಲ್ಲದಿದ್ದರೆ ಆಚೆಯವನು ಸೋಲುತ್ತಿದ್ದನು. ಇಬ್ಬರಲ್ಲಿ ಯಾರಿಗೂ ಬೆಲೆ ಕಟ್ಟುವ ಅಧಿಕಾರವಿರಲಿಲ್ಲ. ಆ ಚಹಾದಂಗಡಿಯಲ್ಲಿ ಹಿರಿಯರೊಬ್ಬರು, ‘ಅಲ್ಲಪ್ಪಾ, ನಮ್ಮ ಬೀಗರ ತೋಪೂ ಅಲ್ಲೇ ಇದೆ. ಅವರ ಕಾಯಿ ಏನು ಚಿನ್ನಕ್ಕೆ ಹೋಯಿತೇ?’ ಎಂದು ಕೇಳಿದರು. ಮಾತು ಅಲ್ಲಿಗೆ ತಣ್ಣಗಾಯಿತು. ಬೀಗರಿದ್ದವನಿಗೆ ಗೊತ್ತಿದ್ದ ಸಂಗತಿ ಬರಿಯ ಸುದ್ದಿ ನೋಡಿದವನಿಗೆ ಗೊತ್ತಿರಲಿಲ್ಲ.

ಟೊಮೇಟೊದ ಕಥೆಯೂ ಇಂತಹುದೇ. ನಮ್ಮ ಕೋಲಾರ, ವಡ್ಡಹಳ್ಳಿಯ ಮಾರುಕಟ್ಟೆಗಳೂ ಆಂಧ್ರದ ಮದನಪಲ್ಲಿಯ ಮಾರುಕಟ್ಟೆಯೂ ಒಡಹುಟ್ಟಿದವರಂತೆ. 2023ರ ಜುಲೈನಲ್ಲಿ 15 ಕಿಲೋ ತೂಗುವ ಒಂದು ಬಾಕ್ಸ್ ಟೊಮೇಟೊ ಕೋಲಾರದಲ್ಲಿ ಎರಡು ಸಾವಿರ ರೂಪಾಯಿ ದಾಟಿದಾಗ ಮದನಪಲ್ಲಿಯಲ್ಲಿಯೂ ಬೆಲೆ ಗಗನಕ್ಕೇರಿತ್ತು. ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯುವ ಋತುಗಳಲ್ಲಿ ಎರಡೂ ಕಡೆಯ ರಸ್ತೆಗಳು ಕೆಂಪಾಗುತ್ತವೆ.

ನೀರಿಗಂತೂ ಗಡಿಯೇ ತಿಳಿಯದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ನಮ್ಮ ಜಿಲ್ಲೆಯ ಬೇತಮಂಗಲದ ಕೆರೆಯನ್ನು ತುಂಬಿಸಿ, ಆಂಧ್ರದಲ್ಲಿ ಸ್ವಲ್ಪ ದೂರ ಹರಿದು, ತಮಿಳುನಾಡನ್ನು ಸೇರುತ್ತದೆ. ಬಹುಪಾಲು ವರ್ಷ ಅದು ಮರಳಿನ ಹಾಸಿಗೆ ಮಾತ್ರ. 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೇಲಿನ ಊರಿನವರು ಬಳಸಿ ಬಿಟ್ಟ ನೀರಿಗೂ ಕೈಯೊಡ್ಡಿ ನಿಂತ ನಾವು, ಕೆಳಗಿನ ಊರಿನವರ ಬಾಯಾರಿಕೆಯನ್ನು ಅರಿಯಲಾರದಷ್ಟು ಸ್ಥಿತಿವಂತರೇನೂ ಅಲ್ಲ.

ಹಾಗಾದರೆ ಈ ಅರಿವು ಏಕೆ ಸವೆಯುತ್ತಿದೆ? ನಮ್ಮ ಮಕ್ಕಳ ರಜೆಯನ್ನು ಗಮನಿಸಿದರೆ ಉತ್ತರದ ಒಂದು ಭಾಗವಾದರೂ ದೊರೆಯುತ್ತದೆ. ಪರೀಕ್ಷೆ ಮುಗಿದ ಮರುದಿನವೇ ಟ್ಯೂಷನ್. ಅದು ಮುಗಿದರೆ ಬೇಸಿಗೆ ಶಿಬಿರ. ಅದೂ ಮುಗಿದರೆ ಮೊಬೈಲ್. ನೆಂಟರ ಮನೆಗೆ ಮದುವೆಗೆಂದು ಬೆಳಗ್ಗೆ ಹೋಗಿ, ಉಂಡು, ಸಂಜೆಗೆ ಕಾರಿನಲ್ಲಿ ಮರಳುವುದು ರೂಢಿಯಾಗಿದೆ. ಅತ್ತೆಯ ಮನೆಯಲ್ಲಿ ಹದಿನೈದು ದಿನ ಉಳಿದು, ಅಲ್ಲಿಯ ಬಾವಿಯ ನೀರು ಸೇದಿ, ಅಲ್ಲಿಯ ಕಷ್ಟವನ್ನು ಕಣ್ಣಾರೆ ಕಂಡು ಬರುವ ಮಗು ಅಪರೂಪವಾಗುತ್ತಿದೆ. ಆ ತೆರವಾದ ಜಾಗದಲ್ಲಿ ಸುದ್ದಿ ವಾಹಿನಿ ಬಂದು ಕುಳಿತಿದೆ. ಅದಕ್ಕೆ ಆಚೆಯ ಊರಿನಲ್ಲಿ ಅತ್ತೆಯಿಲ್ಲ. ವೈರಿ ಮಾತ್ರ ಇದ್ದಾನೆ.

ಎಲ್ಲ ಮಕ್ಕಳಿಗೂ ರಜೆ ಒಂದೇ ಬಗೆಯದಲ್ಲ ಎಂಬುದನ್ನೂ ನೆನೆಯಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. 2024ರ ಬೇಸಿಗೆ ರಜೆಯಲ್ಲಿ ಆ ತಾಲ್ಲೂಕುಗಳ ಶಾಲೆಗಳು ಪಾಠಕ್ಕಲ್ಲದೆ ಬಿಸಿಯೂಟಕ್ಕಾಗಿ ತೆರೆದಿದ್ದವು. ತಟ್ಟೆ ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ಶಾಲೆಯತ್ತ ನಡೆದ ಮಕ್ಕಳಿಗೆ ರಜೆಯೆಂದರೆ ಪಾಠವಿಲ್ಲದ ದಿನಗಳು, ಅಷ್ಟೇ. ಅವರ ತಂದೆತಾಯಿ ಟೊಮೇಟೊ ಬಿಡಿಸುವ ಕೂಲಿಗೆ ಹೋಗಿರುತ್ತಿದ್ದರು. ಅಂತಹ ಮನೆಯ ಮಗುವನ್ನು ನೆಂಟರ ಊರಿಗೆ ಕಳುಹಿಸಲು ಬಸ್ಸಿನ ಟಿಕೆಟ್ಟಿನ ಹಣವೂ ಭಾರವೇ. 2023ರ ಜೂನ್‌ನಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತಿದೆ. 2025ರ ಆಗಸ್ಟ್‌ನಿಂದ ಆಂಧ್ರದವರಿಗೂ ಅವರ ರಾಜ್ಯದಲ್ಲಿ ದೊರೆತಿದೆ. ಎರಡೂ ಒಳ್ಳೆಯ ಯೋಜನೆಗಳು. ಆದರೆ ಒಂದರ ಗುರುತಿನ ಚೀಟಿ ಇನ್ನೊಂದರಲ್ಲಿ ನಡೆಯದು. ತವರು ಗಡಿಯಾಚೆಗಿರುವ ಹೆಣ್ಣುಮಗಳ ಪಾಲಿಗೆ ಈ ಕೊಡುಗೆ ಅರ್ಧ ದಾರಿಯದು ಮಾತ್ರ.

ಸರ್ಕಾರಗಳು ತಮ್ಮ ತಮ್ಮ ಪ್ರಜೆಗಳನ್ನು ನೋಡಿಕೊಳ್ಳುವುದು ಅವುಗಳ ಕರ್ತವ್ಯ. ಗೆರೆಯ ಒಳಗಿನವರನ್ನು ಎಣಿಸುವುದಷ್ಟೇ ಅವುಗಳಿಗೆ ಸಾಧ್ಯ. ಗೆರೆಯಾಚೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ಬಾಗಿಲ ಬಳಿ ಮನೆ ಮಾಡಿಕೊಂಡಿರುವ ನಮ್ಮಂತಹವರ ಪಾಲಿಗೆ ಉಳಿದಿದೆ. ಅದಕ್ಕೆ ಸಭೆ, ಭಾಷಣ, ಠರಾವುಗಳ ಅಗತ್ಯವಿಲ್ಲ. ಮಕ್ಕಳಿಗೆ ಹತ್ತು ದಿನದ ಟ್ಯೂಷನ್ ತಪ್ಪಿದರೆ ತಪ್ಪಲಿ. ಒಂದು ಜೊತೆ ಬಟ್ಟೆ, ಅತ್ತೆಗೆ ಒಂದು ಚೀಲ ಕಡಲೆಕಾಯಿ ಕೊಟ್ಟು ಅವರನ್ನು ಪೂರ್ವದ ಬಸ್ಸು ಹತ್ತಿಸೋಣ. ಆಚೆಯ ಮಕ್ಕಳು ಬಂದರೆ ನಮ್ಮ ಜಗಲಿಯ ಮೇಲೆ ಚಾಪೆ ಹಾಸೋಣ. ಮುಂದೊಂದು ಜೂನ್‌ನಲ್ಲಿ ಮಾವಿನ ಲಾರಿ ಮತ್ತೆ ಗಡಿಯಲ್ಲಿ ನಿಂತಾಗ, ‘ಅವರ ಕಾಯಿಯ ಗತಿಯೇನಾಯಿತು?’ ಎಂದೂ ಕೇಳುವ ನಾಲ್ಕು ಮಂದಿ ಯುವಕರು ಚಹಾದಂಗಡಿಯಲ್ಲಿ ಇರುವಂತಾದರೆ, ಬೇಸಿಗೆ ರಜೆ ಸಾರ್ಥಕವಾಯಿತೆಂದು ನಾನಾದರೂ ತಿಳಿಯುತ್ತೇನೆ.